ಹಾಲು ಹಾಳಾದ ಬಗೆ

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಗಣಕಯಂತ್ರದ ರೋಗವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಗೆಳೆಯರು ನಗಬಹುದು. ಓದಿನ ಖರ್ಚಿಗೆಂದು ಎರಡು ವರ್ಷಗಳಿಂದ ಸಂಜೆಯ ಹೊತ್ತು ಪೇಟೆಯ ಒಂದು ಕಂಪ್ಯೂಟರು ರಿಪೇರಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿರುವೆನಾದುದರಿಂದ, ಪೆಟ್ಟಿಗೆಯ ಸ್ಕ್ರೂ ಬಿಚ್ಚುವಷ್ಟು ಅಧಿಕಾರ ನನಗುಂಟು. ಅದಕ್ಕಿಂತ ಹೆಚ್ಚಿನ ಪಾಂಡಿತ್ಯವಿದೆಯೆಂದು ಹೇಳಿಕೊಳ್ಳಲಾರೆ. ಈ ಲೇಖನಕ್ಕೆ ಪ್ರೇರಣೆ, ಒಬ್ಬ ಸಹಪಾಠಿಯ ಮೇಲೆ ನಾನು ಹೊರಿಸಿದ ಒಂದು ಸುಳ್ಳು ಅಪವಾದ.

ಕಳೆದ ವರ್ಷ ನಮ್ಮ ತರಗತಿಯ ಆರು ಮಂದಿ ಸೇರಿ ನಾಲ್ಕು ಹಳ್ಳಿಗಳಲ್ಲಿ ಹೈನುಗಾರಿಕೆಯ ಸಮೀಕ್ಷೆ ನಡೆಸಿದೆವು. ಯಾವ ಮನೆಯಲ್ಲಿ ಎಷ್ಟು ಹಸು, ಎಷ್ಟು ಎಮ್ಮೆ, ದಿನಕ್ಕೆ ಎಷ್ಟು ಹಾಲು, ಡೇರಿಗೆ ಹಾಕುವುದೆಷ್ಟು, ಮನೆಗೆ ಉಳಿಯುವುದೆಷ್ಟು ಎಂದು ಕೇಳಿ ಪ್ರಶ್ನಾವಳಿಯ ಹಾಳೆಗಳಲ್ಲಿ ಕೈಬರಹದಿಂದ ತುಂಬಿದೆವು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ವಹಿಸಿಕೊಂಡವನು ಉರ್ದು ಮನೆಮಾತಿನ ನನ್ನ ಗೆಳೆಯ. ಬೆರಳಚ್ಚಿನಲ್ಲಿ ಅವನ ವೇಗ ನಮ್ಮಾರಿಗೂ ಇಲ್ಲ. ಪ್ರಯೋಗಾಲಯದ ಮೂಲೆಯಲ್ಲಿರುವ, ಸುಮಾರು ಹದಿನೈದು ವರ್ಷ ವಯಸ್ಸಿನ ಯಂತ್ರವೊಂದು ಅವನ ಪಾಲಿಗೆ ಬಂದಿತು.

ಆ ಯಂತ್ರದ ಚಾಳಿ ಎಲ್ಲರಿಗೂ ಗೊತ್ತಿದ್ದುದೇ. ಬೆಳಿಗ್ಗೆ ಸಾಧುವಾಗಿ ನಡೆಯುವುದು. ಮಧ್ಯಾಹ್ನ ಎರಡು ಗಂಟೆಯ ಮೇಲೆ ಇದ್ದಕ್ಕಿದ್ದಂತೆ ನೀಲಿ ತೆರೆ ತೋರಿಸಿ ನಿಂತುಬಿಡುವುದು. ಇದಕ್ಕೆ ಪ್ರಯೋಗಾಲಯದಲ್ಲಿ ಇದ್ದ ವ್ಯಾಖ್ಯಾನಗಳು ಹಲವು. ವೈರಸ್ಸು ಎಂದರು; ವಿರೋಧಿ ತಂತ್ರಾಂಶ ಹಾಕಿದ್ದಾಯಿತು. ಮಧ್ಯಾಹ್ನದ ವೋಲ್ಟೇಜು ಎಂದರು, ಯುಪಿಎಸ್ ಬದಲಾಯಿಸಿದ್ದಾಯಿತು. ವಿಂಡೋಸ್ ಕೆಟ್ಟಿದೆಯೆಂದು ಎರಡು ಬಾರಿ ಹೊಸದಾಗಿ ಹಾಕಿದರು. ಎರಡನೆಯ ಬಾರಿ ಅರ್ಧದಲ್ಲಿ ಫೈಲು ಓದಲಾಗುತ್ತಿಲ್ಲವೆಂದು ಅದು ಮುಷ್ಕರ ಹೂಡಿತು. ಡಿಸ್ಕಿನ ಮೇಲೆ ಗೀರು ಬಿದ್ದಿದೆಯೆಂದು ತೀರ್ಮಾನಿಸಿ ಬೇರೆ ಡಿಸ್ಕು ತಂದರು. ರೋಗ ಮಾತ್ರ ಹಾಗೆಯೇ ಉಳಿಯಿತು.

ಸಮೀಕ್ಷೆಯ ಕೋಷ್ಟಕ ಸಿದ್ಧವಾಗಿ ಗುರುಗಳ ಕೈಗೆ ಹೋಯಿತು. ಎರಡು ದಿನಗಳ ನಂತರ ಅದು ಕೆಂಪು ಪೆನ್ಸಿಲಿನ ಗುರುತುಗಳೊಡನೆ ಹಿಂದಿರುಗಿತು. ಒಂದು ಮನೆಯ ಮುಂದೆ "ದಿನಕ್ಕೆ ಆರು ಲೀಟರು ಹಾಳು" ಎಂದಿತ್ತು. ಇನ್ನೊಂದರಲ್ಲಿ ಎಮ್ಮೆಯು "ಎಮ್ಯೆ" ಆಗಿತ್ತು. ಎಮ್ಮೆಯೇ ಇಲ್ಲದ ಮನೆಯಲ್ಲಿ ಒಂದು ಎಮ್ಮೆ ಹುಟ್ಟಿಕೊಂಡಿತ್ತು. ಈ ಕೋಷ್ಟಕವನ್ನು ನಾವು ಆ ಹಳ್ಳಿಗಳ ಹಾಲು ಉತ್ಪಾದಕರ ಸಂಘಕ್ಕೂ ಕೊಡುವವರಿದ್ದೆವು. ಇಲ್ಲದ ಎಮ್ಮೆಯನ್ನು ಬಡವಿಯೊಬ್ಬಳ ಹೆಸರಿಗೆ ಬರೆದರೆ ಆಗುವ ಅನರ್ಥವನ್ನು ಗುರುಗಳು ವಿವರಿಸಿ ಹೇಳಬೇಕಾಗಿರಲಿಲ್ಲ.

ನಾನು ಸಮೀಕ್ಷೆಯ ಮುಖ್ಯಸ್ಥ. ಕೇಳಿದೊಡನೆಯೇ, "ಟೈಪು ಮಾಡಿದವನು ಅವನು ಸಾರ್, ಅವನಿಗೆ ಲಕಾರ ಳಕಾರಗಳ ಭೇದ ಸರಿಯಾಗಿ ತಿಳಿಯದು" ಎಂದುಬಿಟ್ಟೆ. ಎಲ್ಲರ ಎದುರಿಗೇ ಹೇಳಿದೆ. ಕೀಲಿಮಣೆಯಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಕೀಲಿ. ಶಿಫ್ಟ್ ಒತ್ತಿದರೆ ಒಂದು, ಬಿಟ್ಟರೆ ಇನ್ನೊಂದು. 2ರ ಪಕ್ಕದಲ್ಲೇ 3 ಇದೆ. ನನ್ನ ಮಾತು ಎಲ್ಲರಿಗೂ ಒಪ್ಪಿತವಾಯಿತು.

ಗೆಳೆಯ ಹೊರಗೆ ಬಂದ ಮೇಲೆ ಹೇಳಿದ್ದಿಷ್ಟು: "ಲೋ, ನಾನು ತಪ್ಪು ಮಾಡಿದರೆ ಹಾಳನ್ನ ಹಾಲು ಮಾಡ್ತೀನಿ ಕಣೋ. ಹಾಲನ್ನ ಹಾಳು ಮಾಡೋದು ನನ್ನ ನಾಲಗೆಗೆ ಬರೋದೇ ಇಲ್ಲ." ಆ ಬಳಿಕ ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ. ಉರ್ದುವಿನಲ್ಲಿ ಳಕಾರವಿಲ್ಲ; ಆ ಮನೆಮಾತಿನವರು ಕನ್ನಡ ಬರೆಯುವಾಗ ಎಡವಿದರೆ ಳಕಾರ ಹೋಗಿ ಲಕಾರ ಬರಬೇಕೇ ಹೊರತು ಲಕಾರ ಹೋಗಿ ಳಕಾರ ಬರಲಾರದು. ಅವನು ಸಿಟ್ಟಿನಲ್ಲಿ ಆಡಿದ ಆ ಮಾತು ನನ್ನ ಕೈಗೆ ಸಿಕ್ಕ ಮೊದಲನೆಯ ಸಾಕ್ಷ್ಯವೆಂಬುದು ಆಗ ನನಗೆ ಹೊಳೆಯಲಿಲ್ಲ.

ತಪ್ಪುಗಳ ಪೂರ್ಣ ಪಟ್ಟಿ ಬೇಕೆಂದು ಗುರುಗಳು ಕೇಳಿದ್ದರು. ಕೈಬರಹದ ಹಾಳೆಗಳನ್ನೂ ಕೋಷ್ಟಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೂರು ಸಂಜೆ ಹೋಲಿಸಿದೆ. ಒಟ್ಟು ಹದಿನೇಳು ವ್ಯತ್ಯಾಸಗಳು ಸಿಕ್ಕವು. ಹಾಲು ನಾಲ್ಕು ಕಡೆ ಹಾಳಾಗಿತ್ತು. ಹಾಳು ಎಲ್ಲಿಯೂ ಹಾಲಾಗಿರಲಿಲ್ಲ. 2 ಎಂಬುದು 3 ಆಗಿತ್ತು, 4 ಎಂಬುದು 5 ಆಗಿತ್ತು, 0 ಎಂಬುದು 1 ಆಗಿತ್ತು. ತಿರುವುಮುರುವು ಒಂದೂ ಇಲ್ಲ. ಪಟ್ಟಿಯ ಮೇಲೆ ಕಣ್ಣಾಡಿಸಿದ ಗುರುಗಳು, "0 ಮತ್ತು 1 ಕೀಲಿಮಣೆಯಲ್ಲಿ ಪಕ್ಕಪಕ್ಕ ಇವೆಯೇನಪ್ಪಾ?" ಎಂದರು. ಇಲ್ಲ, ಅವು ಸಾಲಿನ ಎರಡು ತುದಿಗಳಲ್ಲಿವೆ. ಮಕಾರ ಯಕಾರಗಳೂ ದೂರದೂರದ ಕೀಲಿಗಳು. ಬೆರಳು ಜಾರಿ ಆಗುವ ತಪ್ಪು ಇದಲ್ಲ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕಾಗುತ್ತದೆ. ಗಣಕಯಂತ್ರವು ಅಕ್ಷರವನ್ನು ಅಕ್ಷರವಾಗಿ ಬಲ್ಲುದಿಲ್ಲ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಈಗ ಪ್ರಪಂಚವೆಲ್ಲ ಒಪ್ಪಿರುವ ಯುನಿಕೋಡ್ ಏರ್ಪಾಡಿನಲ್ಲಿ ಲಕಾರದ ಸಂಖ್ಯೆ 3250, ಳಕಾರದ್ದು 3251. ಮಕಾರ 3246, ಯಕಾರ 3247. ಅಂಕಿಗಳಿಗೂ ಹೀಗೆಯೇ ಸಂಖ್ಯೆಗಳುಂಟು: 0ಕ್ಕೆ 48, 1ಕ್ಕೆ 49, 2ಕ್ಕೆ 50, 3ಕ್ಕೆ 51. ನನ್ನ ಹದಿನೇಳು ತಪ್ಪುಗಳನ್ನು ಹೀಗೆ ಸಂಖ್ಯೆಗಳಾಗಿ ಬರೆದುಕೊಂಡು ನೋಡಿದಾಗ ಮೈ ಜುಮ್ಮೆಂದಿತು. ಎಲ್ಲ ಕಡೆಯೂ ಒಂದು ಸಮಸಂಖ್ಯೆ ಹೋಗಿ ಅದರ ಮುಂದಿನ ಬೆಸಸಂಖ್ಯೆ ಬಂದಿತ್ತು. ಬೆಸಸಂಖ್ಯೆಯ ಅಕ್ಷರಗಳಿಗೆ ಯಾವ ಬಾಧೆಯೂ ತಟ್ಟಿರಲಿಲ್ಲ.

ಯಂತ್ರವು ಎಲ್ಲ ಸಂಖ್ಯೆಗಳನ್ನೂ 0 ಮತ್ತು 1 ಎಂಬ ಎರಡೇ ಚಿಹ್ನೆಗಳಿಂದ ಬರೆಯುತ್ತದೆ. 50 ಅದರ ಲಿಪಿಯಲ್ಲಿ 110010. 51 ಎಂಬುದು 110011. ಕೊನೆಯ ಮನೆಯ ಸೊನ್ನೆ ಒಂದಾದರೆ ಸಾಕು, ಸಮ ಬೆಸವಾಗುತ್ತದೆ. ಮೊದಲೇ ಅಲ್ಲಿ ಒಂದು ಇದ್ದರೆ ಕೆಡಲು ಏನೂ ಇಲ್ಲ. ಅಂದಮೇಲೆ ಯಂತ್ರದಲ್ಲಿ ಎಲ್ಲಿಯೋ ಒಂದು ಕಡೆ, ಸೊನ್ನೆಯನ್ನು ಇಟ್ಟರೂ ಒಂದನ್ನು ಹಿಂದಕ್ಕೆ ಕೊಡುವ ಸ್ಥಳವಿರಬೇಕು. ಅಂತಹ ಸ್ಥಳಕ್ಕೆ ರ‍್ಯಾಮ್, ಅಂದರೆ ಯಂತ್ರದ ಕಾರ್ಯಸ್ಮೃತಿಯ ಮೇಲೆಯೇ ಮೊದಲ ಅನುಮಾನ.

ಸ್ಮೃತಿಯೆಂದೊಡನೆ ಅನೇಕರು ಫೈಲುಗಳನ್ನು ಕೂಡಿಡುವ ಹಾರ್ಡ್ ಡಿಸ್ಕನ್ನು ನೆನೆಯುತ್ತಾರೆ. ಡಿಸ್ಕು ಕಪಾಟು, ರ‍್ಯಾಮ್ ಬರೆಯುವ ಮೇಜು. ಕಪಾಟಿನಿಂದ ತೆಗೆದ ಪ್ರತಿಯೊಂದು ಕಾಗದವೂ ಮೇಜಿನ ಮೇಲೆ ಬಂದೇ ತಿದ್ದುಪಡಿಯಾಗಬೇಕು, ಮೇಜಿನ ಮೇಲಿಂದಲೇ ಕಪಾಟಿಗೆ ಹಿಂದಿರುಗಬೇಕು. ರ‍್ಯಾಮ್ ಸಾಲದಿರುವುದು ಬೇರೆ, ಕೆಟ್ಟಿರುವುದು ಬೇರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೇಜು ಚಿಕ್ಕದಾದರೆ ಕೆಲಸ ನಿಧಾನವಾಗುತ್ತದೆ, ಯಂತ್ರ ಏದುಸಿರು ಬಿಡುತ್ತದೆ. ಕೆಲವು ಕಾರ್ಯಕ್ರಮಗಳನ್ನು ಮುಚ್ಚಿದರೆ ಚೇತರಿಸಿಕೊಳ್ಳುತ್ತದೆ. ಮೇಜಿನ ಹಲಗೆಗೇ ಹುಳು ಹಿಡಿದಿದ್ದರೆ ಎಷ್ಟು ಮುಚ್ಚಿದರೂ ಪ್ರಯೋಜನವಿಲ್ಲ.

ಈ ಹಲಗೆಯ ರಚನೆ ಸೋಜಿಗದ್ದು. ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು, ಇಷ್ಟರಿಂದಲೇ ಒಂದು ಚಿಹ್ನೆಯನ್ನು ಹಿಡಿದಿಡಬಹುದೆಂದು ತೋರಿಸಿ 1968ರಲ್ಲಿ ಪೇಟೆಂಟು ಪಡೆದವರು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್. ಕೆಪಾಸಿಟರಿನಲ್ಲಿ ವಿದ್ಯುತ್ತಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಆದರೆ ಆ ಪುಟ್ಟ ಗಡಿಗೆ ಸೋರುವ ಗಡಿಗೆ. ಆದುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಒಮ್ಮೆ ಪ್ರತಿಯೊಂದು ಗಡಿಗೆಯನ್ನೂ ಓದಿ ಮತ್ತೆ ತುಂಬಬೇಕು. ಒಂದು ಗಿಗಾಬೈಟಿನಲ್ಲಿ ಇಂತಹ ಗಡಿಗೆಗಳು 858 ಕೋಟಿ 99 ಲಕ್ಷ 34 ಸಾವಿರದ 592. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ನಮ್ಮ ಯಂತ್ರ ಬೆಳಿಗ್ಗೆ ಸಾಧುವಾಗಿದ್ದು ಮಧ್ಯಾಹ್ನ ಕೆಡುತ್ತಿದ್ದುದಕ್ಕೆ ಕಾರಣ ವೋಲ್ಟೇಜಲ್ಲ, ಬಿಸಿಯೇ ಇರಬೇಕೆಂದು ನನಗೆ ತೋರಿತು.

ಹಾಗಾದರೆ ಯಂತ್ರ ನಿಂತುಹೋಗುವುದೇಕೆ? ಅದೇ ಮೇಜಿನ ಮೇಲೆ ನಮ್ಮ ಕೋಷ್ಟಕದೊಡನೆ ಯಂತ್ರದ ಸ್ವಂತ ಆದೇಶಗಳೂ ವಿಳಾಸಗಳೂ ಹರಡಿಕೊಂಡಿರುತ್ತವೆ. ಕೆಟ್ಟ ಸ್ಥಳದಲ್ಲಿ ಒಂದು ಅಂಕಿ ಕುಳಿತಿದ್ದರೆ ಅಂಕಿ ಕೆಡುತ್ತದೆ. ಒಂದು ವಿಳಾಸ ಕುಳಿತಿದ್ದರೆ ಯಂತ್ರವು ಯಾರದೋ ಮನೆಯ ಬಾಗಿಲು ತಟ್ಟುತ್ತದೆ. ಇನ್ನು ಮುಂದುವರಿದರೆ ಅನರ್ಥವೆಂದು ತಿಳಿದಾಗ ವಿಂಡೋಸ್ ನೀಲಿ ತೆರೆ ಎಳೆದು ನಿಲ್ಲುತ್ತದೆ. ಆ ತೆರೆಯ ಮೇಲೆ ದೋಷದ ಹೆಸರೊಂದು ಇರುತ್ತದೆ. ಯಾವುದೋ ಒಂದು ಡ್ರೈವರಿನ ದೋಷವಾದರೆ ಸಾಮಾನ್ಯವಾಗಿ ಮತ್ತೆ ಮತ್ತೆ ಅದೇ ಹೆಸರು ಬರುವುದುಂಟು. ನಮ್ಮ ಯಂತ್ರದಲ್ಲಿ ಒಂದು ದಿನ "ಮೆಮೊರಿ ಮ್ಯಾನೇಜ್‌ಮೆಂಟ್" ಎಂದು, ಇನ್ನೊಂದು ದಿನ "ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ" ಎಂದು, ಮತ್ತೊಂದು ದಿನ ಬೇರೆಯೇ ಎಂದು ಬರುತ್ತಿತ್ತು. ದಿನಕ್ಕೊಂದು ಹೆಸರು ಹೇಳುವ ರೋಗಿಯನ್ನು ಕಂಡಾಗ ರ‍್ಯಾಮನ್ನು ಸಂಶಯಿಸತಕ್ಕದ್ದು. ವಿಂಡೋಸ್ ಹಾಕುವಾಗ ನಡುವೆ ಫೈಲು ಓದಲಾಗದೆ ನಿಲ್ಲುವುದು, ಕಟ್ಟು ಕಟ್ಟಿದ ಜಿಪ್ ಫೈಲು ಬಿಚ್ಚುವಾಗ ಕೆಟ್ಟಿದೆಯೆನ್ನುವುದು, ಇವೂ ಅದೇ ಜಾತಿಯ ಲಕ್ಷಣಗಳು.

ನೀಲಿ ತೆರೆಯನ್ನು ಕಂಡು ನಾವೆಲ್ಲ ಯಂತ್ರವನ್ನು ಬೈಯುತ್ತಿದ್ದೆವು. ಈಗ ನನಗೆ ಅದರ ಮೇಲೆ ಗೌರವ ಬಂದಿದೆ. ತೆರೆ ಎಳೆದ ದಿನ ಅದು ಸತ್ಯವನ್ನೇ ಹೇಳುತ್ತಿತ್ತು. ತೆರೆ ಎಳೆಯದೆ ಸುಮ್ಮನೆ ನಡೆದ ದಿನಗಳಲ್ಲಿಯೇ ಹಾಲು ಹಾಳಾದದ್ದು.

ಅಂಗಡಿಯ ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಹೇಳಿದರು: "ಮೊದಲು ಆ ಮಿಷನ್ನಿನಲ್ಲಿ ಏನೂ ರಿಪೇರಿ ಮಾಡೋಕೆ ಹೋಗಬೇಡಪ್ಪಾ. ಡಿಸ್ಕ್ ಸರಿ ಮಾಡ್ತೀನಿ ಅಂತ ಕೂತರೆ ಸರಿಯಾಗಿರೋದನ್ನೂ ಕೆಡಿಸುತ್ತೆ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಎರಡು ಮಾಡಿದರೆ ಯಾವುದರಿಂದ ವಾಸಿಯಾಯ್ತು ಅಂತ ಯಾರಿಗೂ ಗೊತ್ತಾಗಲ್ಲ." ಕೆಟ್ಟ ಮೇಜಿನ ಮೇಲೆ ಕುಳಿತು ಕಪಾಟಿನ ಲೆಕ್ಕ ತಿದ್ದಿದರೆ ತಿದ್ದಿದ್ದೆಲ್ಲ ತಪ್ಪಾಗುವುದು ಸಹಜವೇ. ಪ್ರಯೋಗಾಲಯದಲ್ಲಿ ಎರಡು ಬಾರಿ ವಿಂಡೋಸ್ ಹಾಕಿದ್ದರ ಫಲವನ್ನು ನೆನೆದು ನಾನು ತಲೆಯಾಡಿಸಿದೆ.

ಪ್ರಾಂಶುಪಾಲರ ಅನುಮತಿ ಪಡೆದು, ಪ್ರಯೋಗಾಲಯದ ಸಹಾಯಕರ ಸಮಕ್ಷಮದಲ್ಲಿ ಪೆಟ್ಟಿಗೆಯನ್ನು ತೆರೆದೆ. ವಿದ್ಯುತ್ ತಂತಿಯನ್ನು ಕಿತ್ತು, ಉಳಿದ ವಿದ್ಯುತ್ತು ಹರಿದುಹೋಗಲೆಂದು ಗುಂಡಿಯನ್ನು ಒಮ್ಮೆ ಒತ್ತಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿದ ಮೇಲೆಯೇ ಒಳಗೆ ಕೈ ಹಾಕಬೇಕು. ಒಣ ಹವೆಯಲ್ಲಿ ನಮ್ಮ ಮೈಯಲ್ಲಿ ಕೂಡಿಕೊಳ್ಳುವ ಸ್ಥಿರವಿದ್ಯುತ್ತು ಈ ಗಡಿಗೆಗಳಿಗೆ ಮೃತ್ಯು. ಒಳಗೆ ಒಂದೊಂದು ಗಿಗಾಬೈಟಿನ, ಡಿಡಿಆರ್-2 ಜಾತಿಯ ಎರಡು ಸ್ಟಿಕ್ಕುಗಳಿದ್ದವು. ಮೇಲೆ ಒಂದು ಬೆರಳು ದಪ್ಪ ಧೂಳು. ಅನೇಕ ವೇಳೆ ಸ್ಟಿಕ್ಕು ಕೆಟ್ಟಿರುವುದೇ ಇಲ್ಲ. ಅದರ ಹೊಂಬಣ್ಣದ ಹಲ್ಲುಗಳಿಗೆ ಕೊಳೆ ಹತ್ತಿ ಸ್ಲಾಟಿನೊಡನೆ ಸಂಪರ್ಕ ಸಡಿಲವಾಗಿರುತ್ತದೆ. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಉಜ್ಜುವುದು ರೂಢಿ. ಹೆಚ್ಚು ಉಜ್ಜಿದರೆ ಮೇಲಿನ ಲೇಪವೇ ಹೋಗುವುದಾದುದರಿಂದ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆ ಮೇಲು. ಒರೆಸಿ, ಎರಡು ಕಡೆಯ ಕೊಂಡಿಗಳು ಟಕ್ಕೆಂದು ಕೂರುವಂತೆ ಒತ್ತಿ, ಪರೀಕ್ಷೆಗೆ ತೊಡಗಿದೆ.

ಪರೀಕ್ಷಿಸುವ ಸಾಧನ ಎಲ್ಲರ ಯಂತ್ರದಲ್ಲಿಯೂ ಇದೆ. ವಿಂಡೋಸಿನಲ್ಲಿ ವಿಸ್ಟಾ ಆವೃತ್ತಿಯಿಂದ ಈಚೆಗೆ "ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್" ಎಂಬುದಿದೆ. ಅಂಗಡಿಯಲ್ಲಿ ನಾವು ಬಳಸುವುದು ಮೆಮ್‌ಟೆಸ್ಟ್86+ ಎಂಬ ಉಚಿತ ಕಾರ್ಯಕ್ರಮ. ಇದು 1994ರಲ್ಲಿ ಕ್ರಿಸ್ ಬ್ರೇಡಿಯವರು ರಚಿಸಿದ ಮೂಲ ಕಾರ್ಯಕ್ರಮದ ಕವಲು. ಅದನ್ನು ಪೆನ್‌ಡ್ರೈವಿಗೆ ಹಾಕಿ, ವಿಂಡೋಸ್ ಏಳುವ ಮೊದಲೇ ಅದರಿಂದ ಯಂತ್ರವನ್ನು ಎಬ್ಬಿಸಬೇಕು. ವಿಂಡೋಸ್ ಎದ್ದ ಮೇಲೆ ಅದು ತಾನೇ ಮೇಜಿನ ಒಂದು ಭಾಗದಲ್ಲಿ ಕುಳಿತುಬಿಡುವುದರಿಂದ ಆ ಭಾಗವನ್ನು ಪರೀಕ್ಷಿಸುವಂತಿಲ್ಲ. ಕಾರ್ಯಕ್ರಮದ ಕೆಲಸ ಸರಳ: ಎಲ್ಲ ಗಡಿಗೆಗಳಿಗೂ ಸೊನ್ನೆ ಹಾಕಿ ಓದುವುದು, ಒಂದು ಹಾಕಿ ಓದುವುದು, ಬಗೆಬಗೆಯ ವಿನ್ಯಾಸಗಳಲ್ಲಿ ಹಾಕಿ ಓದುವುದು, ಇಟ್ಟದ್ದೇ ಹಿಂದಿರುಗಿತೇ ಎಂದು ನೋಡುವುದು.

ಮೊದಲನೆಯ ಸುತ್ತು ಒಂದು ತಪ್ಪೂ ಇಲ್ಲದೆ ಮುಗಿಯಿತು. ಸಹಾಯಕರು "ನಿನ್ನ ಸಂಶಯ ಸುಳ್ಳಾಯಿತಲ್ಲಪ್ಪಾ" ಎಂದು ಪೆಟ್ಟಿಗೆ ಮುಚ್ಚಲು ಬಂದರು. ನಾನು ಬೇಡಿಕೊಂಡು ಯಂತ್ರವನ್ನು ಹಾಗೆಯೇ ಬಿಟ್ಟೆ. ಮೂರನೆಯ ಸುತ್ತಿನ ನಡುವೆ ಪರದೆಯ ಮೇಲೆ ಕೆಂಪು ಸಾಲುಗಳು ಇಳಿಯತೊಡಗಿದವು. ಇರಬೇಕಾದುದು ಇಷ್ಟು, ಇದ್ದದ್ದು ಇಷ್ಟು ಎಂದು ಎರಡು ಅಂಕಣಗಳು. ಎಲ್ಲ ಸಾಲುಗಳಲ್ಲಿಯೂ ವ್ಯತ್ಯಾಸ ಒಂದೇ ಮನೆಯದು, ಕೊನೆಯ ಮನೆಯದು. ನನ್ನ ಹದಿನೇಳು ತಪ್ಪುಗಳ ಪಟ್ಟಿ ಜೇಬಿನಲ್ಲಿಯೇ ಇತ್ತು. ತೆಗೆದು ನೋಡುವ ಅಗತ್ಯ ಬೀಳಲಿಲ್ಲ. ಒಂದು ಸುತ್ತು ಮುಗಿದೊಡನೆ ಚೆನ್ನಾಗಿದೆಯೆಂದು ಏಳುವವರು ದಯವಿಟ್ಟು ಇದನ್ನು ನೆನಪಿನಲ್ಲಿಡಬೇಕು. ತಪ್ಪು ಕಂಡರೆ ದೋಷವಿದೆಯೆಂಬುದು ಖಚಿತ. ಕಾಣದಿದ್ದರೆ ಇನ್ನೂ ನೋಡಬೇಕೆಂದಷ್ಟೇ ಅರ್ಥ.

ಕೆಂಪು ಸಾಲು ಕಂಡಮಾತ್ರಕ್ಕೆ ಸ್ಟಿಕ್ಕೇ ಕೆಟ್ಟಿದೆಯೆನ್ನುವಂತಿಲ್ಲ. ಸ್ಲಾಟು ಕೆಟ್ಟಿರಬಹುದು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ ದುರ್ಬಲವಾಗಿರಬಹುದು. ಆದುದರಿಂದ ಒಂದು ಸ್ಟಿಕ್ಕನ್ನು ತೆಗೆದು, ಇನ್ನೊಂದನ್ನು ಮಾತ್ರ ಮೊದಲನೆಯ ಸ್ಲಾಟಿನಲ್ಲಿ ಇಟ್ಟು ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ಬಿಟ್ಟೆ. ರಾತ್ರಿ ಎರಡು ಬಾರಿ ಕರೆಂಟು ಹೋದರೂ ಯುಪಿಎಸ್ ತಡೆಯಿತು. ಒಂದು ತಪ್ಪೂ ಇಲ್ಲ. ಅದನ್ನು ತೆಗೆದು ಅದೇ ಸ್ಲಾಟಿನಲ್ಲಿ ಇನ್ನೊಂದನ್ನು ಇಟ್ಟೆ. ಎರಡನೆಯ ಸುತ್ತು ಮುಗಿಯುವ ಮೊದಲೇ ಕೆಂಪು ಸಾಲುಗಳು. ಒಳ್ಳೆಯ ಸ್ಟಿಕ್ಕನ್ನು ಎರಡನೆಯ ಸ್ಲಾಟಿನಲ್ಲಿಟ್ಟು ನೋಡಿದೆ, ತಪ್ಪಿಲ್ಲ. ಕಳ್ಳ ಸಿಕ್ಕಿದ.

ಇದೇನು ನಮ್ಮ ಮೂಲೆಯ ಯಂತ್ರಕ್ಕೆ ಮಾತ್ರ ಬಂದ ರೋಗವಲ್ಲ. ಗೂಗಲ್ ಸಂಸ್ಥೆಯ ಅಸಂಖ್ಯ ಯಂತ್ರಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕಿಂತ ಹೆಚ್ಚು ಸ್ಟಿಕ್ಕುಗಳಲ್ಲಿ ಒಂದಾದರೂ ತಪ್ಪು ಕಂಡುಬಂದುದಾಗಿ ಹೇಳಿದೆ. ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ 2003ರ ಮೇ 18ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಾಗಿ ಬಂದವು. ಬರಲು ಸಾಧ್ಯವಿದ್ದುದಕ್ಕಿಂತ ಹೆಚ್ಚು ಮತ ಬಂದುದರಿಂದ ಮಾತ್ರ ಅದು ಬೆಳಕಿಗೆ ಬಂದಿತು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆ 4096. ಅಂದರೆ ಒಂದೇ ಮನೆಯ ಒಂದು ಸೊನ್ನೆ ಒಂದಾಗಿತ್ತು. ಕಾರ್ಯಕ್ರಮದಲ್ಲಿ ತಪ್ಪು ಸಿಗದೆ, ಆಕಾಶದಿಂದ ಬರುವ ವಿಶ್ವಕಿರಣದ ಕಣವೊಂದು ತಗುಲಿರಬೇಕೆಂದು ಊಹಿಸಿದರು. ಅಂತಹ ಕಣದ ಪೆಟ್ಟು ಒಮ್ಮೆ ಬಿದ್ದು ಹೋಗುತ್ತದೆ, ಸ್ಟಿಕ್ಕಿಗೆ ಗಾಯವಿಲ್ಲ. ನಮ್ಮದರಂತೆ ದಿನವೂ ಅದೇ ಜಾಗದಲ್ಲಿ ಕಾಡುವ ದೋಷಕ್ಕೆ ಮಾತ್ರ ಆಕಾಶವನ್ನು ದೂರುವಂತಿಲ್ಲ.

ಹೀಗೆ ಒಂದು ಮನೆ ತಪ್ಪಿದರೆ ತಾನೇ ಕಂಡುಹಿಡಿದು ತಿದ್ದಿಕೊಳ್ಳುವ ಉಪಾಯವನ್ನು ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿಯೇ ಪ್ರಕಟಿಸಿದರು. ಅದರ ವಂಶದ ಇಸಿಸಿ ಎಂಬ ಸ್ಮೃತಿಯಲ್ಲಿ ಪ್ರತಿ 64 ಚಿಹ್ನೆಗಳಿಗೆ 8 ಕಾವಲು ಚಿಹ್ನೆಗಳಿರುತ್ತವೆ. ಒಂದು ತಪ್ಪನ್ನು ತಿದ್ದುತ್ತದೆ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ದೊಡ್ಡ ಸಂಸ್ಥೆಗಳ ಸರ್ವರುಗಳಲ್ಲಿ ಅದಿರುತ್ತದೆ. ಮನೆಯ, ಕಾಲೇಜಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಡವರ ಎಮ್ಮೆಯ ಲೆಕ್ಕಕ್ಕೂ ಅಷ್ಟು ಕಾವಲು ಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ಸ್ಟಿಕ್ಕನ್ನು ಕಿತ್ತ ಮೇಲೆಯೂ ಒಂದು ತೊಡಕು ಉಳಿದಿತ್ತು. ಆ ಯಂತ್ರದಲ್ಲಿ ಮಾಡಿದ ನಕಲುಗಳನ್ನೂ ನಂಬುವಂತಿರಲಿಲ್ಲ. ಪೆನ್‌ಡ್ರೈವಿಗೆ ನಕಲಾಗುವ ಫೈಲೂ ಆ ಮೇಜಿನ ಮೇಲಿಂದಲೇ ಹಾದುಹೋಗುತ್ತದೆ. ನಾನು ಕಂಡದ್ದು ಹದಿನೇಳು ತಪ್ಪು; ಕಣ್ತಪ್ಪಿದ್ದೆಷ್ಟೋ. ಕೈಬರಹದ ಹಾಳೆಗಳು ಭದ್ರವಾಗಿದ್ದುದು ನಮ್ಮ ಪುಣ್ಯ. ಎಲ್ಲವನ್ನೂ ಬೇರೆ ಯಂತ್ರದಲ್ಲಿ ಮೊದಲಿನಿಂದ ಏರಿಸುವುದೆಂದು ನಿಶ್ಚಯವಾಯಿತು.

ಗೆಳೆಯನ ಮನೆಗೆ ನಾನೇ ಹೋದೆ. ಹದಿನೇಳು ತಪ್ಪುಗಳ ಪಟ್ಟಿಯನ್ನೂ ಕೆಂಪು ಸಾಲುಗಳ ಚಿತ್ರವನ್ನೂ ತೋರಿಸಿ, ತಪ್ಪು ನನ್ನದೆಂದೆ. ಅವನು ಬಹಳ ಹೊತ್ತು ಪಟ್ಟಿಯನ್ನೇ ನೋಡಿ, "ಎಲ್ಲರ ಎದುರಿಗೆ ಹೇಳಿದ್ದೆಯಲ್ಲ, ಇದನ್ನೂ ಎಲ್ಲರ ಎದುರಿಗೇ ಹೇಳು" ಎಂದ. ಮರುದಿನ ತರಗತಿಯಲ್ಲಿ ಹೇಳಿದೆ. ಅಲ್ಲಿ ಇಲ್ಲದಿದ್ದವರಿಗಾಗಿ ಇಲ್ಲಿಯೂ ಹೇಳುತ್ತಿದ್ದೇನೆ. ಈ ಬಾರಿ ಅವನು ಹಾಳೆ ಓದಿದ, ನಾನು ಟೈಪು ಮಾಡಿದೆ. ಮೊದಲನೆಯ ದಿನವೇ ಎರಡು ಕಡೆ ಹಾಲನ್ನು ಹಾಳು ಮಾಡಿ ಅವನ ಕೈಗೆ ಸಿಕ್ಕಿಬಿದ್ದೆ.

ಆ ಸ್ಟಿಕ್ಕು ಸರ್ಕಾರಿ ಸ್ವತ್ತಾದುದರಿಂದ ಬಿಸಾಡುವಂತಿಲ್ಲ. ದಾಸ್ತಾನು ಪುಸ್ತಕದಲ್ಲಿ ನಮೂದಾಗಿ, "ಉಪಯೋಗಿಸಕೂಡದು" ಎಂಬ ಚೀಟಿ ಅಂಟಿಸಿಕೊಂಡು, ಪ್ರಯೋಗಾಲಯದ ಕಪಾಟಿನ ಕೆಳಗಿನ ಗೂಡಿನಲ್ಲಿ ಮಲಗಿದೆ. ಚೀಟಿಯನ್ನು ಬರೆದವನು ನನ್ನ ಗೆಳೆಯ, ಅದರಲ್ಲಿ ಅಕ್ಷರದೋಷವಿಲ್ಲ.